ಮುದ್ದೆ ಇರಲಿ, ಎಣ್ಣೆ ಬಾಟಲಿ ತೂಗಿ

ಪತ್ರ: ನನಗೆ 46 ವರ್ಷ. ಕೂತು ಮಾಡುವ ಕೆಲಸ, ಮನೆಯಲ್ಲಿ ನಾಲ್ಕು ಜನ. ತೂಕ ಇಳಿಸಲೆಂದು ಮೂರು ತಿಂಗಳಿಂದ ರಾತ್ರಿ ಅನ್ನ ಬಿಟ್ಟು ಎರಡು ಮುದ್ದೆ ಉಣ್ಣುತ್ತಿದ್ದೇನೆ. ಕಾಲು ಕೆಜಿಯೂ ಇಳಿದಿಲ್ಲ. ‘ಮುದ್ದೆನೂ ಬಿಡಿ ದೊಡ್ಡಮ್ಮ’ ಅನ್ನುತ್ತಾನೆ ತಂಗಿಯ ಮಗ. ಅವರೆಕಾಯಿ ಕಾಲ ಬೇರೆ ಬಂತು. ಹಿತಿಕಿದ ಬೇಳೆ ಸಾರು, ನಿಪ್ಪಟ್ಟು, ಹೋಳಿಗೆ, ಇದರಲ್ಲಿ ಯಾವುದನ್ನು ಬಿಡಲಿ?
— ಓದುಗರೊಬ್ಬರು, ಮಾಲೂರು

ಸಂಪಾದಕರ ಉತ್ತರ: ಯಾವುದನ್ನೂ ಬಿಡಬೇಡಿ ತಾಯಿ. ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತನ್ನಿ.

ತಂಗಿಯ ಮಗ ಹೇಳುವುದು ಪೂರ್ತಿ ಸುಳ್ಳಲ್ಲ. ಅನ್ನ, ಮುದ್ದೆ, ಚಪಾತಿ ಮೂರನ್ನೂ ಬಿಟ್ಟವರ ತೂಕ ಇಳಿಯುತ್ತದೆ; ಅರ್ಧ ತಟ್ಟೆ ಖಾಲಿಯಾದ ಮೇಲೆ ಇಳಿಯದೆ ಇನ್ನೇನು? ಕೆಲವರಿಗೆ ಅದು ಒಗ್ಗುತ್ತದೆ, ಅವನಿಗೂ ಒಗ್ಗಿದ್ದರೆ ಸಂತೋಷ. ಆದರೆ ಮಂಜು ಬಿದ್ದ ಅವರೆಯ ಸೊಗಡು ಬೀದಿಯೆಲ್ಲ ಹರಡಿರುವಾಗ, ಕೋಲಾರ ಸೀಮೆಯವರು ಮುದ್ದೆ ಮುಟ್ಟದೆ ಎಷ್ಟು ದಿನ ಕೂತಾರು? ಸಂಕ್ರಾಂತಿವರೆಗೂ ಇಲ್ಲ.

ಈಗ ನಿಮ್ಮ ಕಡೆ ತಪ್ಪು. ರಾಗಿಗೂ ಅಕ್ಕಿಗೂ ಜಗಳ ಹಚ್ಚುವ ಚಟ ನಮ್ಮಲ್ಲಿ ಹಳೆಯದು. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ರಾಮನೇ ನ್ಯಾಯಕ್ಕೆ ಕೂತು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಅಲ್ಲಿ ರಾಗಿ ಗೆದ್ದದ್ದು ಬಾಳಿಕೆಯಲ್ಲಿ. ಕ್ಯಾಲೊರಿಯ ತಕರಾರು ರಾಮನವರೆಗೆ ಹೋಗಲೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ನೋಡಿ: 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ, ಬಿಳಿ ಅಕ್ಕಿಗೆ ಸುಮಾರು 355. ಅಂತರ ಎರಡು ಚಮಚ ಸಕ್ಕರೆಯಷ್ಟು. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ, ಸುಣ್ಣದಂಶದಲ್ಲಿ: 11 ಗ್ರಾಂ ನಾರು, ಅಕ್ಕಿಯಲ್ಲಿ 3 ಕೂಡ ಇಲ್ಲ. ಅದಕ್ಕೇ ಬೇಗ ಹೊಟ್ಟೆ ತುಂಬುತ್ತದೆ. ತುಂಬಿದ ಮೇಲೂ ಎರಡನೇ ಮುದ್ದೆ ಮುರಿದರೆ ರಾಗಿ ಏನು ಮಾಡೀತು?

ಅಂಗೈ ತುಂಬುವ ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿಯುತ್ತದೆ. ಎರಡಕ್ಕೆ 640 ಕ್ಯಾಲೊರಿ. ಕೂತು ಕೆಲಸ ಮಾಡುವ, 55 ಕೆಜಿ ತೂಗುವ ಹೆಂಗಸಿಗೆ ಇಡೀ ದಿನಕ್ಕೆ 1660 ಸಾಕೆಂದು ಅದೇ ಸಂಸ್ಥೆ 2020ರಲ್ಲಿ ಹೇಳಿದೆ. ಇನ್ನೊಂದು ಮಾತು. ಅನ್ನ ಬಿಟ್ಟೆ ಅಂದಿರಿ. ನಿಮ್ಮ ಕಡೆ ಎಸರಿಗೆ ನುಚ್ಚಕ್ಕಿ ಹಾಕಿ ಮುದ್ದೆ ತೊಳಸುವ ರೂಢಿ ಇದೆಯಲ್ಲ? ಒಂದು ಹಿಡಿ ನುಚ್ಚು 40 ಗ್ರಾಂ ಇದ್ದರೂ 140 ಕ್ಯಾಲೊರಿ. ಬಿಟ್ಟ ಅನ್ನ ಮುದ್ದೆಯೊಳಗೇ ಕೂತಿದೆ. ಇನ್ನು ಮೇಲೆ 90 ಗ್ರಾಂ ಹಿಟ್ಟಿನ ಒಂದೇ ಮುದ್ದೆ, ನುಚ್ಚಿಲ್ಲದೆ. ತೂಗುವುದು ಒಣ ಹಿಟ್ಟನ್ನು. ಬೆಂದ ಮುದ್ದೆ ತೂಗಿದರೆ ನೀರನ್ನೂ ತೂಗಿದಂತೆ, ಸಡಿಲ ಮುದ್ದೆಗೂ ಗಟ್ಟಿ ಮುದ್ದೆಗೂ ಲೆಕ್ಕ ಕೂಡುವುದಿಲ್ಲ.

ನಿಜವಾದ ಕಳ್ಳ ಬೇರೆ ಇದ್ದಾನೆ. ಅಕ್ಕಿ, ರಾಗಿ, ಬೇಳೆಯ ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಂಗೆ 4 ಕ್ಯಾಲೊರಿ, ಎಣ್ಣೆ-ತುಪ್ಪಕ್ಕೆ 9. ಭಾನುವಾರ ಬೆಳಿಗ್ಗೆ ಎಣ್ಣೆ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಬರೆದುಕೊಳ್ಳಿ. ಮುಂದಿನ ಭಾನುವಾರ ಮತ್ತೆ ತೂಗಿ. ಕಳೆದು ಉಳಿದದ್ದನ್ನು 28ರಿಂದ ಭಾಗಿಸಿ (ನಾಲ್ಕು ಜನ, ಏಳು ದಿನ). ವಾರಕ್ಕೆ ಒಂದು ಲೀಟರ್, ಅಂದರೆ 910 ಗ್ರಾಂ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ 32 ಗ್ರಾಂ, 290 ಕ್ಯಾಲೊರಿ. ಇನ್ನೇನು ಒಂದು ಮುದ್ದೆ, ಕಣ್ಣಿಗೆ ಕಾಣದ್ದು. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿ ಚಮಚದಲ್ಲಿ ಅಳೆದು ಹಾಕಿದರೆ ವಾರಕ್ಕೆ 600 ಮಿಲಿಗೆ ಇಳಿಸಬಹುದು. ತಲೆಗೆ ದಿನಕ್ಕೆ 115 ಕ್ಯಾಲೊರಿ ಉಳಿತಾಯ, ಒಗ್ಗರಣೆಯ ಘಮ ಎಲ್ಲೂ ಹೋಗಲಿಲ್ಲ.

ಚಿನ್ನ ಕೊಳ್ಳುವಾಗ ಮಿಲಿಗ್ರಾಂ ನೋಡುತ್ತೇವೆ. ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸಿನ ತೂಕಕ್ಕೆ ಜಗಳವಾಡುತ್ತೇವೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ತೂಗುವಾಗ ರೈತ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ಎಣ್ಣೆಗೆ ಮಾತ್ರ ಕಣ್ಣಳತೆ!

ಹಿತಿಕಿದ ಬೇಳೆ ಸಾರು ಧಾರಾಳವಾಗಿ ಉಣ್ಣಿ. ಹಸಿ ಬೇಳೆಯಲ್ಲಿ ಬಹುಪಾಲು ನೀರು, ಜೊತೆಗೆ ಪ್ರೋಟೀನು. ಮಸಾಲೆಗೆ ರುಬ್ಬುವ ಕಾಯಿಯ ಮೇಲೆ ಮಾತ್ರ ಕಣ್ಣಿರಲಿ. ಅದೇ ಬೇಳೆಯನ್ನು ಕರಿದರೆ ಕಥೆ ಬೇರೆ: ನೀರು ಹೊರಗೆ, ಎಣ್ಣೆ ಒಳಗೆ. ಕರಿದ ತಿಂಡಿಗೆ 100 ಗ್ರಾಂಗೆ 500ರ ಆಸುಪಾಸು. 25 ಗ್ರಾಂನ ಒಂದು ನಿಪ್ಪಟ್ಟು 125. ತಟ್ಟೆಗೆ ಎರಡೇ ಹಾಕಿಕೊಂಡು ಡಬ್ಬಿ ಮುಚ್ಚಿ, ಡಬ್ಬಿಯಿಂದಲೇ ತಿನ್ನಬೇಡಿ. ಮನೆಯಲ್ಲೇ ಕರಿಯುವುದಾದರೆ ಎಣ್ಣೆ ಚೆನ್ನಾಗಿ ಕಾಯಲಿ. ತೆಗೆದ ತಕ್ಷಣ, ಬಿಸಿ ಇರುವಾಗಲೇ ಜರಡಿ ಸೌಟಿನಲ್ಲಿ ಕೊಡವಿ ಕಾಗದದ ಮೇಲೆ ಹರಡಿ. ತಿಂಡಿ ಎಣ್ಣೆ ಹೀರುವುದು ಹೆಚ್ಚಾಗಿ ಬಾಣಲೆಯಿಂದ ಎತ್ತಿ ಆರುವ ಹೊತ್ತಿನಲ್ಲಿ. ಹೋಳಿಗೆ? ಒಂದು ಹೋಳಿಗೆ, ಒಂದು ಚಮಚ ತುಪ್ಪ ಸೇರಿ 300ರ ಹತ್ತಿರ. ಹೋಳಿಗೆ ಉಂಡ ದಿನ ಮುದ್ದೆ ಬೇಡ, ಅಷ್ಟೇ.

ದಿನಕ್ಕೆ 350 ಕ್ಯಾಲೊರಿ ಕಡಿಮೆಯಾದರೆ ತಿಂಗಳಿಗೆ ಒಂದು, ಒಂದೂಕಾಲು ಕೆಜಿ. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಕಡಿಮೆಯಾಗಬೇಕು, ಅವಸರಪಟ್ಟು ಉಪಯೋಗವಿಲ್ಲ. ಹಬ್ಬದ ಮಾರನೇ ದಿನ ತೂಕದ ಯಂತ್ರ ಒಂದು ಕೆಜಿ ಹೆಚ್ಚು ತೋರಿಸಿದರೆ ಗಾಬರಿ ಬೇಡ. ಅದು ಉಪ್ಪು ಹಿಡಿದಿಟ್ಟ ನೀರು. ವಾರದ ಏಳು ಬೆಳಗಿನ ತೂಕದ ಸರಾಸರಿ ನೋಡಿ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ಇದ್ದರೆ ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಇಷ್ಟೆಲ್ಲ ಲೆಕ್ಕ ಹೇಳುವಾಗ ಹೊಟ್ಟೆ ಉರಿಯುವ ಸಂಗತಿ ಒಂದಿದೆ. 2023 ಸಿರಿಧಾನ್ಯ ವರ್ಷವಾದದ್ದೇ ತಡ, ಅಂಗಡಿಯ ತುಂಬ ರಾಗಿ ಬಿಸ್ಕತ್ತು, ನವಣೆ ಚಿಪ್ಸು. ತೂಕ ಇಳಿಸುವವರು ಅದನ್ನೇ ಹುಡುಕಿ ತರುತ್ತಾರೆ. ಪೊಟ್ಟಣದ ಮುಂದೆ ತೆನೆಯ ಚಿತ್ರ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಮೈದಾ, ಪಾಮ್ ಎಣ್ಣೆ, ಸಕ್ಕರೆ, 100 ಗ್ರಾಂಗೆ ಇಂತಿಷ್ಟು ಕ್ಯಾಲೊರಿ. ಅದೂ ಇಂಗ್ಲಿಷಿನಲ್ಲಿ! ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಅಚ್ಚಾಗಿದ್ದರೆ ಕೇಂದ್ರದ ಆಹಾರ ಕಾನೂನಿಗೆ ಸಾಕು. ರಾಗಿ ಬೆಳೆದವರು, ಬೀಸಿದವರು, ತಿನ್ನುವವರು ಎಲ್ಲ ಕನ್ನಡದವರು. ಅದರಲ್ಲೇನಿದೆ ಎಂದು ಓದಲು ಕಾನ್ವೆಂಟಿಗೆ ಹೋದ ಮೊಮ್ಮಗ ಬೇಕು.

ನಿಮ್ಮ ಮನೆಯಲ್ಲಿ ತಂಗಿಯ ಮಗ ಇದ್ದಾನಲ್ಲ, ಆ ಕೆಲಸ ಅವನಿಗೆ ಕೊಡಿ. ನೀವು ಎಣ್ಣೆ ಬಾಟಲಿಯ ಎರಡು ಭಾನುವಾರದ ತೂಕ ಬರೆದು ಇನ್ನೊಂದು ಪತ್ರ ಹಾಕಿ.