ಅನಿಮೆ ನಾಯಕರು ಯಾವ ದೇಶದವರು? ಮುಖ ಬಿಡಿ, ಹೆಸರು ನೋಡಿ

ಜಪಾನಿನ ಕಾರ್ಟೂನುಗಳಾದ ಅನಿಮೆಗಳ ನಾಯಕರು, ಅಂದರೆ ಡೆತ್ ನೋಟ್‌ನ ಲೈಟ್, ನರುಟೊ, ಅಟ್ಯಾಕ್ ಆನ್ ಟೈಟನ್‌ನ ಎರೆನ್, ಸೈಲರ್ ಮೂನ್‌ನ ಉಸಾಗಿ ಇವರೆಲ್ಲ ಯಾವ ದೇಶದವರು, ಜಪಾನಿನವರೇ ಆಗಿದ್ದರೆ ಯುರೋಪಿನವರ ಹಾಗೆ ಯಾಕೆ ಕಾಣುತ್ತಾರೆ ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ ಜಪಾನಿ ಭಾಷೆಯ ಕ್ಲಾಸಿಗೆ ಸೇರಿದ ಹೊಸತರಲ್ಲಿ ನನಗೂ ಇದೇ ಅನುಮಾನ ಇತ್ತು. ಉಸಾಗಿ ಅಮೆರಿಕದ ಹುಡುಗಿ ಅಂತ ಒಂದು ದಿನ ಹೇಳಿಯೂ ಬಿಟ್ಟೆ.

ನಮ್ಮ ಮೇಡಂ ವಾದಕ್ಕೆ ನಿಲ್ಲಲಿಲ್ಲ. ಬೋರ್ಡಿನ ಮೇಲೆ ಅವಳ ಪೂರ್ತಿ ಹೆಸರು ಬರೆದರು: ತ್ಸುಕಿನೊ ಉಸಾಗಿ.

"ತ್ಸುಕಿ ಅಂದ್ರೆ?"

"ಚಂದ್ರ."

"ಉಸಾಗಿ?"

"ಮೊಲ."

ಮನೆತನದ ಹೆಸರಿನ 'ನೊ'ಗೆ ಜಪಾನಿನವರು ಬರೆಯುವುದು ಬಯಲು ಎಂಬ ಅರ್ಥದ ಅಕ್ಷರ. ಆದರೆ ಕಿವಿಗೆ ಅದು ನಮ್ಮ ಷಷ್ಠಿ ವಿಭಕ್ತಿಯ 'ಅ' ಇದ್ದಂತೆ. ಚಂದ್ರನ ಮೊಲ! ನಾವು ಶಶಾಂಕ ಅಂತ ಹೆಸರಿಡುತ್ತೇವಲ್ಲ, ಅದೇ ಮೊಲ. ಅತಿಥಿಗೆ ಕೊಡಲು ಏನೂ ಸಿಗದೆ ತಾನೇ ಬೆಂಕಿಗೆ ಹಾರಿದ ಮೊಲದ ಜಾತಕ ಕಥೆ (ಬುದ್ಧನ ಹಿಂದಿನ ಜನ್ಮದ ಕಥೆ) ಬೌದ್ಧರ ಜೊತೆ ಜಪಾನಿಗೆ ಹೋಯಿತು. ಅಲ್ಲಿನ ಹಳೆಯ ಕಥಾಸಂಗ್ರಹ 'ಕೊಂಜಾಕು ಮೊನೊಗತಾರಿ'ಯಲ್ಲಿ ಅದು ಭಾರತದ ಕಥೆಗಳ ಭಾಗದಲ್ಲೇ ಇದೆ. ಟೋಕಿಯೊದ ಅಜಾಬು-ಜೂಬನ್‌ನಲ್ಲಿ ಬೆಳೆದ ಆ ಹಳದಿ ಕೂದಲಿನ ಹುಡುಗಿಯನ್ನು ಅಮೆರಿಕದವಳು ಅಂದುಕೊಂಡಿದ್ದೆನಲ್ಲ ಅಂತ ಅವತ್ತು ನಿಜಕ್ಕೂ ಬೇಜಾರಾಯಿತು.

ಹಾಗಾದರೆ ಆ ಕೂದಲು? ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ರಾಮನೂ ಕೃಷ್ಣನೂ ನೀಲಿ. ಅದನ್ನು ನೋಡಿ ಯಾರೂ ನೀಲಿ ಜನರ ದೇಶ ಎಲ್ಲಿದೆ ಅಂತ ಕೇಳುವುದಿಲ್ಲ, ಚಿತ್ರದ ರೂಢಿ ಅಂತ ನಮಗೆ ಗೊತ್ತು. ಅಲ್ಲಿಯೂ ಹಾಗೆಯೇ. ಮಂಗಾ, ಅಂದರೆ ಜಪಾನಿನ ಕಾಮಿಕ್ಸ್ ಪುಟಗಳು ಹೆಚ್ಚಾಗಿ ಕಪ್ಪು-ಬಿಳುಪು. ಒಂದೇ ಕ್ಲಾಸಿನ ಐದು ಹುಡುಗಿಯರಿಗೂ ಕಪ್ಪು ಕೂದಲು ಬರೆದರೆ ಯಾರು ಯಾರೆಂದು ತಿಳಿಯುವುದು ಕಷ್ಟ. ಅದಕ್ಕೆ ಒಬ್ಬಳ ಕೂದಲಿಗೆ ಮಸಿ ತುಂಬುತ್ತಾರೆ, ಇನ್ನೊಬ್ಬಳದನ್ನು ಬಿಳಿ ಬಿಡುತ್ತಾರೆ, ಮತ್ತೊಬ್ಬಳಿಗೆ ಸಣ್ಣ ಚುಕ್ಕಿಗಳ ಹಾಳೆ ಕತ್ತರಿಸಿ ಅಂಟಿಸುತ್ತಾರೆ. ಬಣ್ಣ ತುಂಬುವಾಗ ಆ ಬಿಳಿಯ ಜಾಗಕ್ಕೆ ಹಳದಿಯೋ ಗುಲಾಬಿಯೋ ಬಂದು ಕೂರುತ್ತದೆ. ದೊಡ್ಡ ಕಣ್ಣುಗಳ ರೂಢಿ ಬೆಳೆದದ್ದು ಮಂಗಾ ಕಲಾವಿದ ಒಸಾಮು ತೆಜುಕಾ ಅವರಿಂದ. ಅವರು ಡಿಸ್ನಿ ಚಿತ್ರಗಳನ್ನು ತುಂಬಾ ಮೆಚ್ಚಿದ್ದವರು.

ಜಪಾನಿನ ಓದುಗರು ಪಾತ್ರದ ಊರನ್ನು ಮುಖದಲ್ಲಿ ಹುಡುಕುವುದಿಲ್ಲ. ಬೇರೆ ಸುಳಿವು ಇಲ್ಲದಿದ್ದರೆ ಅದು ತಮ್ಮವರೇ. ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಬರುವ ಹುಡುಗ ಹಸಿರು ಕೂದಲಿದ್ದರೂ ಜಪಾನಿನವನೇ. ಹೊರದೇಶದವರಾದರೆ ಕಥೆಗಾರರು ಹೇಳಿಯೇ ಹೇಳುತ್ತಾರೆ. ಹೆಸರು ಸಾಮಾನ್ಯವಾಗಿ ವಿದೇಶಿ ಪದಗಳಿಗೆ ಬಳಸುವ ಕತಕಾನ ಲಿಪಿಯಲ್ಲಿರುತ್ತದೆ. ಎಷ್ಟೋ ಕಡೆ ವಿದೇಶಿ ಮಾತಿನ ಸಾಲುಗಳನ್ನು ಮೇಲಿಂದ ಕೆಳಗೆ ಬಿಟ್ಟು ಅಡ್ಡಕ್ಕೆ ಅಚ್ಚು ಹಾಕಿರುತ್ತಾರೆ.

ಈಗ ನಿಮ್ಮ ಲೈಟ್. ಕೇಳಲು ಇಂಗ್ಲಿಷ್ ಹೆಸರು, ಆದರೆ ಬರೆಯುವುದು ಒಂದೇ ಚಿತ್ರಾಕ್ಷರದಲ್ಲಿ. ಅದು ಉಸಾಗಿಯ ಮನೆತನದ ಹೆಸರಿನಲ್ಲಿರುವ ಅದೇ ಚಂದ್ರ! ಬರೆಯುವುದು ಚಂದ್ರ, ಓದುವುದು ಲೈಟ್. ಮನೆತನದ ಹೆಸರು ಯಗಾಮಿ, ಅಪ್ಪ ಜಪಾನಿನ ಪೊಲೀಸ್ ಅಧಿಕಾರಿ. ಅವನು ಜಪಾನಿನವನು, ಅನುಮಾನವೇ ಬೇಡ. ನರುಟೊನ ಊರು ಕೊನೋಹ ಇರುವುದು ಕಲ್ಪನೆಯ ಬೆಂಕಿನಾಡಿನಲ್ಲಿ. ಎರೆನ್ ಹೆಸರಿನ ಯೇಗರ್ ಜರ್ಮನ್ ಪದ, ಆದರೆ ಅವನ ಪ್ಯಾರಡಿಸ್ ದ್ವೀಪವೂ ಕಲ್ಪನೆಯದೇ. ಇಂಥವರಿಗೆ ನಮ್ಮ ಭೂಪಟದ ಯಾವ ದೇಶವನ್ನೂ ಅಂಟಿಸುವುದು ಸರಿಯಲ್ಲ. ಒನ್ ಪೀಸ್ ಬರೆದ ಎಯಿಚಿರೊ ಓಡ ಅವರನ್ನು ಓದುಗರೊಬ್ಬರು ಇದನ್ನೇ ಕೇಳಿದಾಗ, ನಿಜ ಪ್ರಪಂಚವಾಗಿದ್ದರೆ ಲೂಫಿ ಬ್ರೆಜಿಲ್, ಜೋರೊ ಜಪಾನ್, ನಾಮಿ ಸ್ವೀಡನ್, ಸಾಂಜಿ ಫ್ರಾನ್ಸ್ ಅಂತ ಉತ್ತರ ಕೊಟ್ಟಿದ್ದರು. ಕಥೆಯೊಳಗೆ ಆ ದೇಶಗಳೇ ಇಲ್ಲ.

ನಿಜವಾಗಿಯೂ ಹೊರದೇಶದ ನಾಯಕರು ಬೇಕೆಂದರೆ ಬೇಕಾದಷ್ಟು ಇದ್ದಾರೆ. 1972ರಲ್ಲಿ ಶುರುವಾದ 'ರೋಸ್ ಆಫ್ ವರ್ಸೈಲ್ಸ್'ನ ಆಸ್ಕರ್ ಫ್ರಾನ್ಸಿನವಳು. 1974ರ ಹೈಡಿ ಸ್ವಿಟ್ಜರ್ಲೆಂಡಿನ ಹುಡುಗಿ. ಆ ಸರಣಿ ಮಾಡುವ ಮೊದಲು ಇಸಾವೊ ತಕಹಾತಾ, ಹಯಾವೊ ಮಿಯಜಾಕಿ ಅಲ್ಲಿಗೇ ಹೋಗಿ ಬೆಟ್ಟ, ಮನೆ ಎಲ್ಲ ನೋಡಿ ಬಂದಿದ್ದರು. ವಿನ್‌ಲ್ಯಾಂಡ್ ಸಾಗಾದ ಥಾರ್ಫಿನ್ ಐಸ್‌ಲ್ಯಾಂಡಿನವನು. ತೆಜುಕಾ ತಮ್ಮ 'ಬುದ್ಧ'ಕ್ಕೆ ನಮ್ಮ ಸಿದ್ಧಾರ್ಥನನ್ನೇ ತಂದರು.

ಆದರೆ ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದದ್ದು ಅಶಿರ್ಪ. 'ಗೋಲ್ಡನ್ ಕಮುಯ್' ಕಥೆಯ ಐನು ಹುಡುಗಿ. 1904-05ರ ರಷ್ಯಾ-ಜಪಾನ್ ಯುದ್ಧ ಮುಗಿದ ಮೇಲಿನ ಹೊಕ್ಕೈಡೊ, ಜಪಾನಿನ ಉತ್ತರದ ದ್ವೀಪ. ಯುದ್ಧದಿಂದ ಬಂದ ಸುಗಿಮೊಟೊನಿಗೆ ಅವಳು ಮಾಂಸ ಕೊಚ್ಚಲು ಕಲಿಸುತ್ತಾಳೆ. ಸರದಿಯ ಮೇಲೆ ಕೊಚ್ಚಬೇಕು, ಕೊಚ್ಚುವಾಗ 'ಚಿತತಪ್, ಚಿತತಪ್' ಅನ್ನಬೇಕು. ಉಣ್ಣುವಾಗ 'ಹಿನ್ನ' ಅಂತ ಅನ್ನಕ್ಕೆ ಕೃತಜ್ಞತೆ ಹೇಳಬೇಕು. ಅವಳ ನೆಲ ಆಗಲೇ ಜಪಾನ್ ಸರ್ಕಾರದ ಕೈಯಲ್ಲಿದೆ, ಅವಳ ಜನ ಬೇರೆ, ನುಡಿ ಬೇರೆ. ಐನುಗಳು ಮೂಲನಿವಾಸಿಗಳು ಅಂತ ಜಪಾನಿನ ಸಂಸತ್ತು ನಿರ್ಣಯ ಮಾಡಿದ್ದು 2008ರಲ್ಲಿ, ಅದು ಕಾನೂನಿಗೆ ಬಂದದ್ದು 2019ರಲ್ಲಿ. ಅವಳನ್ನು ಜಪಾನಿನವಳು ಅಂದರೂ ಮಾತು ಪೂರ್ತಿ ಆಗುವುದಿಲ್ಲ, ಅಲ್ಲ ಅಂದರೂ ಆಗುವುದಿಲ್ಲ.

ಅವಳ ಹೆಸರಿನ ನಡುವೆ 'ರ್' ಇದೆ. ನಮಗೆ ಅರ್ಕಾವತ್ತು ಹಾಕಿದರೆ ಮುಗಿಯಿತು. ಜಪಾನಿ ಭಾಷೆಯಲ್ಲಿ ಹಾಗೆ ಸ್ವರವಿಲ್ಲದ 'ರ್' ಇಲ್ಲವೇ ಇಲ್ಲ, ಅದಕ್ಕೆ ಅಕ್ಷರವೂ ಇಲ್ಲ. ಐನು ನುಡಿಗೆಂದೇ ಮಾಡಿಕೊಂಡ ಒಂದು ಪುಟ್ಟ 'ರಿ' ಅಕ್ಷರ ಇದೆ. ಅವಳ ಹೆಸರು ಬಂದಲ್ಲೆಲ್ಲ ಆ ಮಂಗಾದಲ್ಲಿ ಅದನ್ನೇ ಅಚ್ಚು ಹಾಕಿದ್ದಾರೆ.