ರಜೆ ಹಾಕಿದರೂ ಕೆಲಸದ ಸುಸ್ತು ಹೋಗುತ್ತಿಲ್ಲ, ಇದು ಬರ್ನ್‌ಔಟ್ ಇರಬಹುದಾ?

ಇರಬಹುದು. ಬರ್ನ್‌ಔಟ್ ಅಂದರೆ ಕೆಲಸದ ಒತ್ತಡ ತುಂಬಾ ದಿನ ಮುಂದುವರಿದು ಬರುವ ಬಳಲಿಕೆ. ಬರೀ ಸುಸ್ತಾಗಿದ್ದರೆ ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದರೆ ಸರಿಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲ ಅನ್ನಿಸುವುದು. ಎರಡನೆಯದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೊದಲು ಮೀಟಿಂಗ್‌ನಲ್ಲಿ ಪ್ರಶ್ನೆ ಕೇಳುತ್ತಿದ್ದವರು ಈಗ ಕ್ಯಾಮೆರಾ ಆಫ್ ಮಾಡಿ, 'ಓಕೆ' ಅಂತ ಟೈಪ್ ಮಾಡಿ ಸುಮ್ನಾಗುತ್ತಾರೆ. ಅದನ್ನು ಸೋಮಾರಿತನ ಅಂದರೆ ತುಂಬಾ ಅನ್ಯಾಯ.

ರಜೆ ಮುಗಿಸಿ ಬಂದಾಗ ಅದೇ ಹೊರೆ ಕಾದಿದ್ದರೆ ಸುಸ್ತು ಹೇಗೆ ಹೋಗುತ್ತದೆ, ಅಲ್ವಾ? ಕೆಲಸದ ಪಟ್ಟಿ ಹಿಡಿದು ಮ್ಯಾನೇಜರ್ ಹತ್ತಿರ ಕೂತು, ಯಾವುದನ್ನು ಬಿಡಬಹುದು, ಯಾವುದನ್ನು ಮುಂದೂಡಬಹುದು ಅಂತ ನೇರವಾಗಿ ಕೇಳಿ. ಆಫೀಸಿನಾಚೆಗೂ ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದು ಖಿನ್ನತೆಯೂ ಇರಬಹುದು, ತಡ ಮಾಡದೆ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಉಚಿತ, ಕನ್ನಡದಲ್ಲೇ ಮಾತಾಡಬಹುದು.