‘ನಾಕ್ ಆಫ್’ಗೆ ಇಷ್ಟೊಂದು ಅರ್ಥ ಯಾಕೆ ಅಂತ ಕೇಳಿದ್ದೀರಿ. ನಮ್ಮ ‘ಹೊಡಿ’ಗೆ ಎಷ್ಟಿದೆ ಹೇಳಿ ನೋಡೋಣ

ನಿಮ್ಮ ಪ್ರಶ್ನೆ ಇಷ್ಟು. ಆಫೀಸಿನಲ್ಲಿ ಒಬ್ಬರು ಇಂಗ್ಲಿಷಿನ ‘ನಾಕ್ ಆಫ್’ (knock off) ಅಂದರೆ ಮನೆಗೆ ಹೊರಡೋದು ಅಂದರು, ಅಂಗಡಿಯಲ್ಲಿ ಅದೇ ಮಾತು ನಕಲಿ ಮಾಲಿಗೆ ಬಂತು, ರಾತ್ರಿ ನೋಡಿದ ಇಂಗ್ಲಿಷ್ ಸಿನಿಮಾದಲ್ಲಿ ಅದೇ ಮಾತಿಗೆ ಒಬ್ಬನ ಹೆಣ ಬಿತ್ತು, ಇದನ್ನೆಲ್ಲ ನೆನಪಿಟ್ಟುಕೊಳ್ಳೋದು ಹೇಗೆ ಅಂತ. ದಯವಿಟ್ಟು ಉರು ಹೊಡೆಯಬೇಡಿ. ನಾನು ಹೊಡೆದು ನೋಡಿದ್ದೇನೆ, ನಿಲ್ಲೋದಿಲ್ಲ.

ನಾನು ಇದನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಮೊದಲ ಕೆಲಸ, ತೀರ್ಥಹಳ್ಳಿ ಕಡೆಯ ಕನ್ನಡ ಮಾಧ್ಯಮದ ಹುಡುಗ, ನಮ್ಮ ತಂಡದ ಮುಖ್ಯಸ್ಥ ಮಾತ್ರ ಮೆಲ್ಬರ್ನ್‌ನಲ್ಲಿ. ಒಂದು ಶುಕ್ರವಾರ ನಮ್ಮಲ್ಲಿ ಬೆಳಗ್ಗೆ ಹತ್ತೂವರೆ, ಅವರಲ್ಲಿ ಮಧ್ಯಾಹ್ನ ಮೂರು. ‘ನಾಕಿಂಗ್ ಆಫ್ ಅರ್ಲಿ ಟುಡೇ, ಚಿಯರ್ಸ್’ ಅಂತ ಮೆಸೇಜ್ ಬಂತು. ಅಯ್ಯೋ, ಇವರನ್ನು ಕೆಲಸದಿಂದ ತೆಗೆದೇ ಬಿಟ್ಟರಲ್ಲ ಅಂದುಕೊಂಡೆ. ಸುದ್ದಿ ಕೇಳಿ ತುಂಬಾ ಬೇಜಾರಾಯಿತು, ಮುಂದಿನ ಕೆಲಸಕ್ಕೆ ಶುಭವಾಗಲಿ ಅಂತ ನಾಲ್ಕು ಸಾಲಿನ ಮೇಲ್ ಬರೆದೆ, ಅದೂ ಇಡೀ ತಂಡಕ್ಕೆ ಕಾಣುವ ಹಾಗೆ. ಮನುಷ್ಯ ಆವತ್ತು ಎರಡು ಗಂಟೆ ಬೇಗ ಮನೆಗೆ ಹೊರಟಿದ್ದ, ಅಷ್ಟೇ. ನಾನು ಆ ತಂಡದಲ್ಲಿ ಇರುವಷ್ಟು ದಿನವೂ ಪ್ರತಿ ಶುಕ್ರವಾರ ಯಾರಾದರೂ ಒಬ್ಬರು ನನಗೆ ‘ಮುಂದಿನ ಕೆಲಸಕ್ಕೆ ಶುಭವಾಗಲಿ’ ಅಂತ ಕಳಿಸುತ್ತಿದ್ದರು.

ತಮಾಷೆ ಏನು ಗೊತ್ತಾ, ಕನ್ನಡದಲ್ಲೂ ಇದೇ ಗುಂಡಿ ಇದೆ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಮನೆಗೆ ಫೋನ್ ಮಾಡಿದರೆ ಅಮ್ಮ, ‘ಆಳುಗಳು ಕೆಲಸ ಬಿಟ್ಟರು ಮಾರಾಯ, ಕಾಫಿ ಕೊಡಬೇಕು, ಇಡ್ತೀನಿ’ ಅನ್ನುತ್ತಾರೆ. ಯಾರೂ ರಾಜೀನಾಮೆ ಕೊಟ್ಟಿಲ್ಲ. ಐದೂವರೆ ಆಗಿದೆ. ಶಾಲೆ ಬಿಟ್ಟಿತು, ಆಫೀಸು ಬಿಟ್ಟಿತು ಅನ್ನುವುದಿಲ್ವಾ, ಅದೇ ‘ಬಿಡು’. ಇಂಗ್ಲಿಷಿನಲ್ಲಿ ಈ ಅರ್ಥ ಹಳೆಯದು, ಹದಿನೇಳನೇ ಶತಮಾನದಿಂದಲೇ ಇದೆ. ಬ್ರಿಟನ್, ಆಸ್ಟ್ರೇಲಿಯಾ ಕಡೆ ಇವತ್ತಿಗೂ ದಿನಬಳಕೆಯ ಮಾತು.

ಇಲ್ಲಿಂದಲೇ ನನಗೆ ಒಂದು ದಾರಿ ಸಿಕ್ಕಿತು. ಇದು ಭಾಷಾಶಾಸ್ತ್ರ ಅಲ್ಲ, ನನ್ನ ಮನೆಮದ್ದು. ‘ನಾಕ್’ ಅಂದರೆ ಹೊಡೆಯೋದು, ‘ಆಫ್’ ಅನ್ನುವುದನ್ನು ‘ಬಿಡು’ ಅಂತ ಇಟ್ಟುಕೊಳ್ಳಿ. ಈ ಮಾತಿನ ಅರ್ಧ ಅರ್ಥಗಳು ಹೋಗಿ ನಮ್ಮ ‘ಹೊಡಿ’ಯಲ್ಲಿ ಕೂರುತ್ತವೆ, ಇನ್ನರ್ಧ ‘ಬಿಡು’ವಿನಲ್ಲಿ.

ಬಿಡುವ ಕಡೆಯದು ಸುಲಭ. ಕೆಲಸ ಬಿಡೋದು ಆಯಿತು. ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡುತ್ತಾ ‘ಐವತ್ತು ಬಿಡಿ ಅಣ್ಣ’ ಅನ್ನುತ್ತೀರಲ್ಲ, ಅದು ‘ನಾಕ್ ಫಿಫ್ಟಿ ಆಫ್’. ಜಗಲಿಯಲ್ಲಿ ಮಕ್ಕಳು ಕಿತ್ತಾಡುವಾಗ ‘ಬಿಡ್ರೋ, ಸಾಕು’ ಅಂತ ಗದರಿದರೆ ಅದು ‘ನಾಕ್ ಇಟ್ ಆಫ್’. ಈ ‘ಇಟ್’ ಮಧ್ಯದಲ್ಲೇ ಇರಬೇಕು, ‘ನಾಕ್ ಆಫ್ ಇಟ್’ ಅಂದರೆ ತಪ್ಪು. ಮ್ಯಾನೇಜರಿಗೆ ಇದನ್ನು ಹೇಳಲು ಹೋಗಬೇಡಿ, ಗದರುವ ಮಾತು ಅದು.

ಹೊಡೆಯುವ ಕಡೆಯದು ಮಜಾ ಇದೆ. ದುಡ್ಡು ಹೊಡೆದ ಅಂದರೆ ಕದ್ದ, ಇಂಗ್ಲಿಷಿನಲ್ಲೂ ನಾಕ್ ಆಫ್ ಅಂದರೆ ಕದಿಯೋದು ಅಂತ ಇದೆ. ಹೊಡೆದು ಹಾಕಿದರು ಅಂದರೆ ಕೊಂದರು, ನಿಮ್ಮ ಸಿನಿಮಾದ ಹೆಣ ಅದೇ. ಕಾಪಿ ಹೊಡೆದ ಮಾಲು ಅಂದರೆ ನಾಕಾಫ್. ಈ ಕೊನೆಯದು ಹೊಸದು, 1960ರ ದಶಕದಿಂದ ಹೀಗೆ ನಾಮಪದವಾಗಿ ಓಡಾಡುತ್ತಿದೆ. ಕಂಪನಿಯ ಹೆಸರು, ಗುರುತು ಎಲ್ಲ ಹಾಗೇ ಇಳಿಸಿ ಅಸಲಿ ಅಂತ ಮಾರಿದರೆ ಅದಕ್ಕೆ ಕೌಂಟರ್‌ಫೀಟ್ ಅನ್ನುತ್ತಾರೆ, ಡಿಸೈನ್ ನೋಡಿ ಹಾಗೇ ಕಾಣುವಂತೆ ಮಾಡಿದರೆ ನಾಕಾಫ್, ಆದರೆ ಮಾತಿನಲ್ಲಿ ಜನ ಎರಡನ್ನೂ ಬೆರೆಸಿಬಿಡುತ್ತಾರೆ. ನಾನೂ ಒಂದು ಸಲ ಫುಟ್‌ಪಾತಿನಲ್ಲಿ ಶೂ ತಗೊಂಡಿದ್ದೆ, ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಇತ್ತು. 500 ಹೇಳಿದ, 100 ಬಿಟ್ಟ. ಅಂದರೆ ನಾಕಾಫ್ ಮಾಲಿನ ಮೇಲೆ ನೂರು ರೂಪಾಯಿ ನಾಕ್ ಆಫ್. ಆಗುಂಬೆಯ ಒಂದೇ ಮಳೆಗೆ ಶೂವಿನ ಅಡಿ ಒಂದು ದಾರಿ ಹಿಡಿಯಿತು, ಮೇಲಿನದು ಇನ್ನೊಂದು ದಾರಿ.

ಕ್ರಿಕೆಟ್ ನೋಡುವವರಾದರೆ ಇನ್ನೊಂದು ಇದೆ. ‘ನಾಕ್ಡ್ ಆಫ್ ದ ರನ್ಸ್’ ಅಂದರೆ ಬೇಕಿದ್ದ ರನ್ ಹೊಡೆದು ಮುಗಿಸಿದರು ಅಂತ. ಆದರೆ ಇದರಲ್ಲಿ ಹೆಚ್ಚಾಗಿ ‘ಆರಾಮಾಗಿ’ ಅನ್ನುವ ಧ್ವನಿ ಇರುತ್ತದೆ. 60 ರನ್ ಬೇಕು, ಹತ್ತು ವಿಕೆಟ್ ಕೈಯಲ್ಲಿದೆ, ಅಲ್ಲಿ ಸರಿ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ಎದುರಿನ ಟೆಸ್ಟಿನಲ್ಲಿ ಭಾರತಕ್ಕೆ 403 ಬೇಕಿತ್ತು, 4 ವಿಕೆಟಿಗೆ 406 ಹೊಡೆದು ಗೆದ್ದರು, ಗವಾಸ್ಕರ್ 102, ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್ 112. ಅಲ್ಲಿಯವರೆಗೆ ಟೆಸ್ಟಿನಲ್ಲಿ 400 ದಾಟಿದ ಗುರಿ ಮುಟ್ಟಿದ್ದು ಒಂದೇ ಸಲ, 1948ರಲ್ಲಿ ಆಸ್ಟ್ರೇಲಿಯಾ. ಅದನ್ನು ನಾಕ್ ಆಫ್ ಅಂದರೆ ವಿಶಿಗೆ ಅವಮಾನ. ‘ಚೇಸ್ಡ್ ಡೌನ್’ ಅನ್ನಿ.

ಇನ್ನು ನನಗೆ ಅತಿ ಇಷ್ಟವಾದದ್ದು ಬೇಗ ಬೇಗ ಮಾಡಿ ಮುಗಿಸುವ ಅರ್ಥ. ‘ನಾಕ್ಡ್ ಆಫ್ ಎ ಪೋಯಮ್’. ಇದನ್ನು ಎಲ್ಲಿ ಕೂರಿಸಲಿ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಒಂದು ದಿನ ಚಿಕ್ಕಪ್ಪ ಊಟಕ್ಕೆ ಕೂತು ಪಕ್ಕದ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರನ ಬಗ್ಗೆ, ‘ಅಷ್ಟು ಮರ ಒಂದೇ ಏಟಿಗೆ ಮುಗಿಸಿಬಿಟ್ಟ ಪುಣ್ಯಾತ್ಮ’ ಅಂದರು. ನಾನು ತುತ್ತು ಹಿಡಿದುಕೊಂಡು ಹಾಗೇ ಕೂತೆ. ಏಟು ಇದೆ, ಬಿಟ್ಟ ಇದೆ. ನಾಕ್ ಇದೆ, ಆಫ್ ಇದೆ. ಇಡೀ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಎಲೆಯ ಮುಂದೆ ಕೂತಿತ್ತು!

ಒಂದು ಎಚ್ಚರಿಕೆ. ಬ್ರಿಟನ್ನಿನ ಆಡುಮಾತಿನಲ್ಲಿ ‘ಅವನು ಅವಳನ್ನು ನಾಕ್ ಆಫ್ ಮಾಡುತ್ತಿದ್ದಾನೆ’ ಅನ್ನುವುದಕ್ಕೆ ಪೋಲಿ ಅರ್ಥವೂ ಇದೆ. ಮನುಷ್ಯರನ್ನು ಮುಂದಿಟ್ಟು ಈ ಕ್ರಿಯಾಪದ ಬಳಸದೇ ಇದ್ದರೆ ನಿಮಗೇ ಕ್ಷೇಮ. ಕೊಲೆ ಅನ್ನಿಸಿಕೊಂಡರೂ ಕಷ್ಟ, ಇದಾದರೂ ಕಷ್ಟ.

ಮತ್ತೆ, ನನ್ನ ಮನೆಮದ್ದು ಒಂದೇ ದಿಕ್ಕಿಗೆ ನಡೆಯುವುದು. ಇಂಗ್ಲಿಷಿನಿಂದ ಕನ್ನಡಕ್ಕೆ ಬರಬಹುದು, ಇಲ್ಲಿಂದ ಅಲ್ಲಿಗೆ ಹೋಗಬಾರದು. ನಿದ್ದೆ ಹೊಡಿ, ಫೋನ್ ಹೊಡಿ, ಬಣ್ಣ ಹೊಡಿ, ಯಾವುದೂ ನಾಕ್ ಆಫ್ ಆಗೋದಿಲ್ಲ. ಹೈಸ್ಕೂಲಿನಲ್ಲಿರುವ ಅಕ್ಕನ ಮಗನಿಗೆ ಇದೇ ಪಾಠ ಮಾಡಿದ್ದೆ, ಈ ಒಂದು ಮಾತು ಹೇಳೋದು ಮರೆತಿದ್ದೆ. ಆ ವರ್ಷ ಮಳೆಗಾಲದ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆದ. ಅಡಿಕೆಗೆ ಕೊಳೆ ರೋಗ ಬರಬಾರದು ಅಂತ ತೋಟಕ್ಕೆ ಬೋರ್ಡೋ ಅನ್ನುವ ಔಷಧಿ ಹೊಡೆಯುವುದು, ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಅಳತೆಯೆಲ್ಲ ಸರಿಯಾಗಿತ್ತು. ಕೊನೆಯ ಸಾಲು ಮಾತ್ರ ‘ಮೈ ಅಂಕಲ್ ನಾಕ್ಡ್ ಆಫ್ ದ ಮೆಡಿಸಿನ್’. ಮಾವ ಔಷಧಿ ಕದ್ದ ಅಂತ ಆಯಿತಲ್ಲ. ಟೀಚರ್ ಕೆಂಪು ಪೆನ್ನಿನಲ್ಲಿ ಪಕ್ಕದಲ್ಲೇ ಬರೆದಿದ್ದರು: ‘ಯಾರ ತೋಟದಿಂದ?’